ಮುಖದ ಮೇಲಿನ ಮಚ್ಚೆ, ಕಲೆ, ಗುಳಿ, ಗೆರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗರಚನಾಶಾಸ್ತ್ರವನ್ನು ಪಾಠ ಮಾಡಿದವನು ಎಂದು ಗೊತ್ತಾದರೆ ಸಾಕು, ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು ಎಲೆಯಿಂದ ಕೈ ತೆಗೆದು ಕೆನ್ನೆ ತೋರಿಸುತ್ತಾರೆ. ಹಾಗೆ ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡು, ಇಲ್ಲಿ ಸೇರಿಸಿದ್ದೇನೆ. ಮುಖದ ಯಾವ ಗುರುತನ್ನು ಕಂಡರೂ ನಾನು ಮೊದಲು ವಿಚಾರಿಸುವುದು ಎರಡನ್ನು: ಅದು ಚರ್ಮದ ಎಷ್ಟು ಆಳದಲ್ಲಿದೆ, ಮತ್ತು ಯಾವ ವಯಸ್ಸಿನಲ್ಲಿ ಬಂತು. ಹೆಸರು ಆಮೇಲಿನ ಮಾತು.

## ಮೊದಲು ಕೇಳುವವು

ಮಚ್ಚೆ, ಕಲೆ, ಚಿಬ್ಬು, ಬಂಗು ಎಲ್ಲವೂ ಒಂದೇ ಅಲ್ಲವೇ?

ಆಡುಮಾತಿನಲ್ಲಿ ಇವು ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ, ಆದರೆ ಚರ್ಮದೊಳಗೆ ನಡೆದಿರುವುದು ಬೇರೆ ಬೇರೆ. ಮುಖದ ಹೊರಚರ್ಮದ ದಪ್ಪ ಸುಮಾರು 0.1 ಮಿಲಿಮೀಟರ್, ಅಂದರೆ ಬರೆಯುವ ಹಾಳೆಯಷ್ಟು. ಅದರ ತಳದಲ್ಲಿ ಮೆಲನಿನ್ ಎಂಬ ಬಣ್ಣವನ್ನು ತಯಾರಿಸುವ ವರ್ಣಕೋಶಗಳು ಅಲ್ಲೊಂದು ಇಲ್ಲೊಂದು ಕುಳಿತಿರುತ್ತವೆ, ಅದರ ಕೆಳಗೆ ನಾರು, ರಕ್ತನಾಳ ಮತ್ತು ಕೂದಲಿನ ಬೇರುಗಳಿರುವ ದಪ್ಪನೆಯ ಒಳಚರ್ಮವಿದೆ. ವರ್ಣಕೋಶಗಳೇ ಒಂದೆಡೆ ಗುಂಪುಗೂಡಿದರೆ ಅದು ಮಚ್ಚೆ. ಕೋಶಗಳ ಗುಂಪುಗೂಡದೆ ಅವು ತಯಾರಿಸುವ ಬಣ್ಣ ಮಾತ್ರ ಅತಿಯಾದರೆ ಬಂಗು. ಚರ್ಮದ ಮೇಲೆ ಸಹಜವಾಗಿಯೇ ವಾಸಿಸುವ ಒಂದು ಶಿಲೀಂಧ್ರ ಹೆಚ್ಚಾಗಿ ಬೆಳೆದು ಬಣ್ಣವನ್ನು ಏರುಪೇರು ಮಾಡಿದರೆ ಚಿಬ್ಬು. ಗಾಯ ಅಥವಾ ಮೊಡವೆ ಮಾಗಿದ ಮೇಲೆ ಉಳಿಯುವುದು ಕಲೆ. ಕಪ್ಪು ಮೈಬಣ್ಣದವರಿಗೂ ಬಿಳಿ ಮೈಬಣ್ಣದವರಿಗೂ ವರ್ಣಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಬಣ್ಣದ ಜಾತಿ, ಪ್ರಮಾಣ ಮತ್ತು ಹಂಚಿಕೆಯಲ್ಲಿ ಮಾತ್ರ ವ್ಯತ್ಯಾಸ.

ಹುಟ್ಟಿದಾಗ ಇಲ್ಲದ ಮಚ್ಚೆ ಈಗ ಎಲ್ಲಿಂದ ಬಂತು?

ಮಚ್ಚೆಯೆಂದರೆ ಹುಟ್ಟಿನಿಂದ ಬಂದದ್ದು ಎಂಬ ನಂಬಿಕೆ ಗಟ್ಟಿಯಾಗಿದ್ದರೂ, ಹುಟ್ಟುವಾಗಲೇ ನಿಜವಾದ ಮಚ್ಚೆಯಿರುವ ಕೂಸುಗಳು ನೂರಕ್ಕೆ ಒಂದರಷ್ಟು ಮಾತ್ರ. ಉಳಿದವರ ಮಚ್ಚೆಗಳೆಲ್ಲ ಬಾಲ್ಯದಿಂದ ಮೂವತ್ತು ಮೂವತ್ತೈದು ವಯಸ್ಸಿನೊಳಗೆ ಒಂದೊಂದಾಗಿ ಬಂದವು. ಒಂದು ವರ್ಣಕೋಶದ ಒಂದು ಜೀನಿನಲ್ಲಿ, ಸಾಮಾನ್ಯವಾಗಿ ಬಿರಾಫ್ ಎಂಬುದರಲ್ಲಿ, ಸಣ್ಣ ಬದಲಾವಣೆಯಾಗುತ್ತದೆ. ಆ ಕೋಶ ಕೆಲವು ಕಾಲ ಒಡೆದು ಒಡೆದು ಗುಂಪಾಗುತ್ತದೆ, ಆಮೇಲೆ ತಾನಾಗಿ ನಿಂತುಬಿಡುತ್ತದೆ. ಹೀಗೆ ನಿಲ್ಲುವುದೇ ಮಚ್ಚೆಗೂ ಕ್ಯಾನ್ಸರಿಗೂ ಇರುವ ಮುಖ್ಯ ಅಂತರ. ಎಳೆಯ ಮಚ್ಚೆ ಚಪ್ಪಟೆಯಾಗಿ ಕಡುಗಪ್ಪಾಗಿರುತ್ತದೆ. ವರ್ಷಗಳು ಕಳೆದಂತೆ ಕೋಶಗಳು ಒಳಚರ್ಮಕ್ಕೆ ಇಳಿಯುವುದರಿಂದ ಅದು ಉಬ್ಬಿ, ಬಣ್ಣ ಕಳೆದುಕೊಂಡು, ಮುಪ್ಪಿನಲ್ಲಿ ಮೈಬಣ್ಣದ ಮೆತ್ತನೆಯ ಗುಳ್ಳೆಯಾಗುತ್ತದೆ. ಅಜ್ಜಿಯ ಹಳೆಯ ಫೋಟೋದಲ್ಲಿ ಕಪ್ಪಗಿರುವ ಮಚ್ಚೆ ಈಗ ಬರಿಯ ಉಬ್ಬಾಗಿ ಕಾಣುವುದು ಇದೇ ಕಾರಣದಿಂದ.

ಮಚ್ಚೆಯಲ್ಲಿನ ಕೂದಲು ಕತ್ತರಿಸಿದರೆ ಕ್ಯಾನ್ಸರ್ ಬರುತ್ತದಂತೆ, ನಿಜವೇ?

ಇಲ್ಲ, ಕತ್ತರಿಸಬಹುದು. ಕಿತ್ತರೆ ಬೇರಿನಲ್ಲಿ ಕೀವಾಗಿ ಮಚ್ಚೆ ಊದಿಕೊಳ್ಳಬಹುದು, ಆದ್ದರಿಂದ ಕತ್ತರಿಯೇ ಮೇಲು. ದಾರ ಕಟ್ಟುವುದು, ಸುಣ್ಣ ಹಚ್ಚುವುದು, ಊದಿನಕಡ್ಡಿಯಿಂದ ಸುಡುವುದು ಮಾತ್ರ ಬೇಡ. ಅವುಗಳಿಂದ ಉಳಿಯುವ ಕಲೆ ಮಚ್ಚೆಗಿಂತ ದೊಡ್ಡದು, ಜೊತೆಗೆ ಮಚ್ಚೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಅವಕಾಶವೂ ಕೈತಪ್ಪುತ್ತದೆ.

ಕೆನ್ನೆಗುಳಿ ಒಂದು ದೋಷ ಎಂದು ಓದಿದೆ. ಮಗಳಿಗೆ ಇದೆ, ಚಿಂತಿಸಬೇಕೇ?

ದೋಷವೆಂದರೆ ಹೆಚ್ಚಾಯಿತು, ಅದೊಂದು ರಚನೆಯ ಭೇದ. ನಗುವಾಗ ಬಾಯಿಯ ಮೂಲೆಯನ್ನು ಮೇಲಕ್ಕೆಳೆಯುವ ಜೈಗೋಮ್ಯಾಟಿಕಸ್ ಮೇಜರ್ ಎಂಬ ಸ್ನಾಯು ಕೆನ್ನೆಮೂಳೆಯಿಂದ ಹೊರಟು ಸಾಮಾನ್ಯವಾಗಿ ಒಂದೇ ಪಟ್ಟಿಯಾಗಿ ಇಳಿಯುತ್ತದೆ. ಕೆಲವರಲ್ಲಿ ಅದು ದಾರಿಯಲ್ಲಿ ಎರಡಾಗಿ ಸೀಳಿ, ಕೆಳಗಿನ ಪಟ್ಟಿಯ ಕೆಲವು ಎಳೆಗಳು ಚರ್ಮದ ಒಳಮೈಗೆ ಅಂಟಿಕೊಂಡಿರುತ್ತವೆ. ನಕ್ಕಾಗ ಸ್ನಾಯು ಹಿಂದಕ್ಕೆ ಸರಿಯುತ್ತದೆ, ಅಂಟಿಕೊಂಡ ಚುಕ್ಕೆಯಲ್ಲಿ ಚರ್ಮ ಒಳಕ್ಕೆ ಕುಸಿಯುತ್ತದೆ. ಕೂಸಿಗಿದ್ದ ಗುಳಿ ಕೆನ್ನೆಯ ಕೊಬ್ಬು ಇಳಿದಂತೆ ಮಾಯವಾಗುವುದೂ ಉಂಟು. ಗುಳಿ ಒಂದೇ ಪ್ರಬಲ ಜೀನಿನಿಂದ ಬರುತ್ತದೆ ಎಂದು ಶಾಲೆಯ ಪುಸ್ತಕಗಳು ನಿಶ್ಚಯವಾಗಿ ಹೇಳುವುದುಂಟು, ಆದರೆ ಅದಕ್ಕಿರುವ ಆಧಾರ ಅಷ್ಟು ಗಟ್ಟಿಯಲ್ಲ. ಆದ್ದರಿಂದ ತಂದೆತಾಯಿ ಇಬ್ಬರಿಗೂ ಇಲ್ಲದ ಗುಳಿ ಮಗುವಿಗೆ ಬಂದರೆ ಯಾರೂ ಯಾರನ್ನೂ ಅನುಮಾನಿಸಬೇಕಾಗಿಲ್ಲ.

ಮೂಗಿನ ಕೆಳಗೆ, ಮೇಲ್ತುಟಿಯ ನಡುವೆ ತೋಡಿನಂತೆ ಇರುವುದು ಯಾತಕ್ಕೆ?

ಅದು ಮುಖವನ್ನು ಕೂಡಿಸಿದ ಜಾಗದ ಗುರುತು. ಗರ್ಭದ 4ರಿಂದ 8ನೆಯ ವಾರದೊಳಗೆ ಭ್ರೂಣದ ಮುಖ ಒಂದೇ ತುಂಡಾಗಿ ಅರಳುವುದಿಲ್ಲ. ಹಣೆಯ ಕಡೆಯಿಂದ ಮೂಗಿನ ಉಬ್ಬುಗಳು ಇಳಿದು, ಎರಡು ಪಕ್ಕಗಳಿಂದ ಮೇಲ್ದವಡೆಯ ಉಬ್ಬುಗಳು ಸರಿದುಬಂದು, ನಡುವೆ ಬೆಸೆದುಕೊಳ್ಳುತ್ತವೆ. ತೋಡಿನ ಎರಡು ದಂಡೆಗಳನ್ನು ಎತ್ತಿ ಹಿಡಿದಿರುವುದು ಬಾಯಿಯನ್ನು ಸುತ್ತುವರಿದ ಸ್ನಾಯುವಿನ ಎಳೆಗಳು: ಅವು ನಡುಗೆರೆಯನ್ನು ದಾಟಿ ಎದುರು ಬದಿಯ ಚರ್ಮಕ್ಕೆ ಸೇರುತ್ತವೆ. ತಾಯಿ ಗರ್ಭಿಣಿಯಾಗಿದ್ದಾಗ ವಿಪರೀತ ಮದ್ಯಪಾನ ಮಾಡಿದ್ದರೆ ಮಗುವಿನ ಈ ತೋಡು ನುಣ್ಣಗಾಗಿ, ಮೇಲ್ತುಟಿ ತೆಳುವಾಗಿರಬಹುದು. ಮಕ್ಕಳ ವೈದ್ಯರು ಅದನ್ನು ರೋಗಲಕ್ಷಣವೆಂದು ನೋಡುವುದು ಈ ಕಾರಣಕ್ಕೆ.

ಗ್ರಹಣದ ದಿನ ನಾನು ತರಕಾರಿ ಹೆಚ್ಚಿದ್ದೆ. ಮಗುವಿಗೆ ಸೀಳುತುಟಿ ಬಂದದ್ದು ನನ್ನಿಂದಲೇ?

ಖಂಡಿತ ಅಲ್ಲ. ಈ ಪ್ರಶ್ನೆಯನ್ನು ಕೇಳಿದ ತಾಯಂದಿರಲ್ಲಿ ಹೆಚ್ಚಿನವರು ಗ್ರಹಣವನ್ನು ನೆನಪಿಸಿಕೊಂಡದ್ದು ಮಗು ಹುಟ್ಟಿದ ಮೇಲೆ, ಅದೂ ಮನೆಯವರು ನೆನಪಿಸಿದ ಮೇಲೆ. ಮೇಲೆ ಹೇಳಿದ ಬೆಸುಗೆ ಒಂದು ಬದಿಯಲ್ಲಿಯೋ ಎರಡೂ ಬದಿಗಳಲ್ಲಿಯೋ ಪೂರ್ತಿಯಾಗದಿದ್ದರೆ ತುಟಿ ಸೀಳಿ ಉಳಿಯುತ್ತದೆ. ತುಟಿಯ ಬೆಸುಗೆ ಏಳನೆಯ ವಾರದ ಹೊತ್ತಿಗೆ ಮುಗಿದಿರುತ್ತದೆ, ಅಂದರೆ ಬಹಳ ಹೆಂಗಸರಿಗೆ ಬಸಿರು ಖಚಿತವಾಗುವ ದಿನಗಳಲ್ಲಿಯೇ. ಐದನೆಯ ತಿಂಗಳಿನಲ್ಲಿ ಬಂದ ಗ್ರಹಣಕ್ಕೆ ಅಲ್ಲಿ ಮಾಡಲು ಯಾವ ಕೆಲಸವೂ ಉಳಿದಿರುವುದಿಲ್ಲ. ತುಟಿ ಅಥವಾ ಅಂಗುಳು ಸೀಳಿದ ಸ್ಥಿತಿ ಲೋಕದಲ್ಲೆಲ್ಲ ಸುಮಾರು 700 ಹೆರಿಗೆಗೆ ಒಂದರಂತೆ, ಗ್ರಹಣವನ್ನು ಲೆಕ್ಕಿಸದ ದೇಶಗಳಲ್ಲಿಯೂ, ಕಂಡುಬರುತ್ತದೆ. ಅನುವಂಶೀಯತೆ, ಧೂಮಪಾನ, ತಾಯಿಯ ಸಕ್ಕರೆ ಕಾಯಿಲೆ, ಮೂರ್ಛೆರೋಗಕ್ಕೆ ಕೊಡುವ ಕೆಲವು ಔಷಧಗಳು ಇದರ ಸಂಭವವನ್ನು ಹೆಚ್ಚಿಸುತ್ತವೆ. ಹಾಗೆಂದು ಮೂರ್ಛೆಯ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಬಸಿರಿಗೆ ಮೊದಲೇ ವೈದ್ಯರೊಡನೆ ಮಾತಾಡಬೇಕು. ತುಟಿಯ ಶಸ್ತ್ರಕ್ರಿಯೆಗೆ ಹತ್ತರ ಲೆಕ್ಕವೆಂಬ ಹಳೆಯ ಅಳತೆಯೊಂದಿದೆ: ಮಗುವಿಗೆ 10 ವಾರ ತುಂಬಿರಬೇಕು, ತೂಕ 10 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕಿಲೋ ಆಗಿರಬೇಕು, ಹಿಮೋಗ್ಲೋಬಿನ್ 10 ಗ್ರಾಂ ಇರಬೇಕು.

ಕಿವಿಯ ಮುಂದೆ ಸೂಜಿ ಚುಚ್ಚಿದಂಥ ತೂತು ಇದೆ. ಯಾರೂ ಚುಚ್ಚಿಲ್ಲ. ಏನದು?

ಹೊರಕಿವಿ ಆರು ಸಣ್ಣ ಗುಬ್ಬಿಗಳು ಕೂಡಿ ಆಗುತ್ತದೆ. ಅವು ಕೂಡುವಲ್ಲಿ ಉಳಿದ ಸಂದು ಅದು. ಕೀವು ಬರದಿದ್ದರೆ ಮುಟ್ಟದೆ ಬಿಡಿ, ಪದೇ ಪದೇ ಊದಿಕೊಂಡರೆ ಒಳಗಿನ ಕೊಳವೆಯನ್ನು ಪೂರ್ತಿಯಾಗಿ ತೆಗೆಸಬೇಕಾಗುತ್ತದೆ.

## ನಡುವೆ ಬಂದ ಬಣ್ಣಗಳ ಕುರಿತು

ಹೆರಿಗೆಯಾಗಿ ಮೂರು ವರ್ಷವಾಯಿತು, ಕೆನ್ನೆಯ ಬಂಗು ಏಕೆ ಹೋಗುತ್ತಿಲ್ಲ?

ಬಂಗಿಗೆ ಮೂರು ಕಾರಣಗಳು ಒಟ್ಟಿಗೆ ಸೇರಬೇಕು: ಹುಟ್ಟಿನಿಂದ ಬಂದ ಒಲವು, ಹಾರ್ಮೋನು ಮತ್ತು ಬೆಳಕು. ಬಸಿರಿನ ಹಾರ್ಮೋನು ಇಳಿದ ಮೇಲೂ ಬೆಳಕು ದಿನವೂ ಬೀಳುತ್ತಲೇ ಇರುತ್ತದೆ, ಒಮ್ಮೆ ಚುರುಕಾದ ವರ್ಣಕೋಶಗಳಿಗೆ ಅಷ್ಟೇ ಸಾಕು. ಇಲ್ಲಿ ನೇರಳಾತೀತ ಕಿರಣಗಳಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಪಾಲುದಾರ. ಬಣ್ಣವಿಲ್ಲದ ಸನ್‌ಸ್ಕ್ರೀನು ಈ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ, ಕಬ್ಬಿಣದ ಆಕ್ಸೈಡ್ ಬೆರೆಸಿದ, ಮೈಬಣ್ಣ ಹೊಂದಿಸಿದ ಲೇಪ ತಡೆಯುತ್ತದೆ. ಬಣ್ಣ ಹೊರಚರ್ಮದಲ್ಲಿದ್ದರೆ ಕಂದಾಗಿ ಕಾಣುತ್ತದೆ ಮತ್ತು ಔಷಧಕ್ಕೆ ಬೇಗ ಮಣಿಯುತ್ತದೆ. ಒಳಚರ್ಮಕ್ಕೆ ಸೋರಿದ್ದರೆ ಬೂದಿಬಣ್ಣವಾಗಿ ಕಂಡು, ತಿಂಗಳುಗಟ್ಟಲೆ ಕಾಯಿಸುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗುವ ಮನೆಮದ್ದಂತೂ ತಿರುಗುಬಾಣ: ನಿಂಬೆಯಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಟ್ಟು, ಇನ್ನಷ್ಟು ಕಪ್ಪು ಕಲೆಯನ್ನು ಉಳಿಸುತ್ತವೆ.

ಔಷಧದಂಗಡಿಯಲ್ಲಿ ಕೊಟ್ಟ ಕ್ರೀಮಿನಿಂದ ವಾರದಲ್ಲೇ ಬೆಳ್ಳಗಾಯಿತು. ಬಿಟ್ಟರೆ ಮುಖ ಉರಿಯುತ್ತದೆ. ಏನು ಮಾಡಲಿ?

ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರುವ ಸಂಭವ ಬಹಳ. ವಾರದಲ್ಲಿ ಬೆಳ್ಳಗಾಗುವುದೇ ಅದರ ಸುಳಿವು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಒಳಗಿನ ರಕ್ತನಾಳಗಳು ಕೆಂಪು ದಾರದಂತೆ ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಹೆಂಗಸರ ಕೆನ್ನೆಯಲ್ಲಿ ಕೂದಲು ದಪ್ಪವಾಗುತ್ತದೆ. ಬಿಟ್ಟಕೂಡಲೇ ಉರಿ ಬರುವುದರಿಂದ ಮತ್ತೆ ಹಚ್ಚುತ್ತಾರೆ, ಹೀಗೆ ಚಟದಂತೆ ಅಂಟಿಕೊಳ್ಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಚೀಟಿ ಕೇಳದ ಅಂಗಡಿಗಳು ಈಗಲೂ ಇವೆ ಎಂಬುದಕ್ಕೆ ನನಗೆ ಬರುವ ಪತ್ರಗಳೇ ಸಾಕ್ಷಿ. ಬಿಡಿಸುವ ಕ್ರಮವನ್ನು ಚರ್ಮವೈದ್ಯರೇ ನಿಗದಿ ಮಾಡಬೇಕು, ಮತ್ತು ಟ್ಯೂಬನ್ನು ಎಸೆಯದೆ ಅವರಿಗೆ ತೋರಿಸಬೇಕು. ಹೆಸರುವಿಳಾಸವಿಲ್ಲದ ಬಿಳುಪಿನ ಕ್ರೀಮುಗಳಲ್ಲಿ ಪಾದರಸವಿದ್ದು ಮೂತ್ರಪಿಂಡ ಕೆಟ್ಟ ಪ್ರಕರಣಗಳೂ ಇವೆ.

ಮಗನ ಕೆನ್ನೆಯಲ್ಲಿ ಬಿಳಿ ಮಚ್ಚೆ. ಅತ್ತೆ ಹೊಟ್ಟೆಹುಳು ಎನ್ನುತ್ತಾರೆ, ನನಗೆ ತೊನ್ನಿನ ಭಯ. ಯಾವುದು ಸರಿ?

ಬಹುಮಟ್ಟಿಗೆ ಎರಡೂ ಅಲ್ಲ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳ ಕೆನ್ನೆಯಲ್ಲಿ ಅಂಚು ಸ್ಪಷ್ಟವಿಲ್ಲದೆ, ಸಣ್ಣ ಹೊಟ್ಟಿನೊಡನೆ ಕಾಣುವ ಮಾಸಲು ಬಿಳಿ ತೇಪೆ ಒಂದು ಬಗೆಯ ಒಣ ಇಸುಬು. ಹುಳುವಿಗೂ ಕ್ಯಾಲ್ಸಿಯಂ ಕೊರತೆಗೂ ಅದಕ್ಕೂ ಸಂಬಂಧವಿಲ್ಲ. ಹುಳುವಿನ ಮಾತ್ರೆ ಕೊಟ್ಟಮೇಲೆ ಹೋಯಿತೆನ್ನುವವರು, ಮಾತ್ರೆ ಕೊಡದಿದ್ದರೂ ಅದು ಹೋಗುತ್ತಿತ್ತೆಂಬುದನ್ನು ಮರೆಯುತ್ತಾರೆ. ಸ್ನಾನವಾದೊಡನೆ ಚರ್ಮಕ್ಕೆ ಪಸೆ ಕೊಡುವ ಮುಲಾಮು ಹಚ್ಚಿ, ತಿಂಗಳುಗಳ ಕಾಲ ಕಾಯಿರಿ. ತೊನ್ನಿನ ಬಿಳುಪು ಬೇರೆ: ಸುಣ್ಣ ಬಳಿದಂತೆ ಅಚ್ಚಬಿಳಿ, ಅಂಚು ಕತ್ತರಿಸಿದಂತೆ, ಹೊಟ್ಟಿಲ್ಲ, ಕೆಲವೊಮ್ಮೆ ಅಲ್ಲಿನ ಕೂದಲೂ ಬಿಳಿ. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ವರ್ಣಕೋಶಗಳ ಮೇಲೆ ಎರಗುವುದರಿಂದ ತೊನ್ನು ಬರುತ್ತದೆ, ಅದು ಅಂಟುವುದಿಲ್ಲ. ಅದನ್ನು ‘ಬಿಳಿ ಕುಷ್ಠ’ ಎಂದು ಕರೆಯುವ ರೂಢಿಯನ್ನು ನಾವು ಇನ್ನಾದರೂ ಬಿಡಬೇಕು. ಕುಷ್ಠದ ತೇಪೆ ಸಾಮಾನ್ಯವಾಗಿ ಪೂರ್ಣ ಬಿಳಿಯಾಗಿರುವುದಿಲ್ಲ, ಅಲ್ಲಿ ಸ್ಪರ್ಶ ಮಂಕಾಗಿರುತ್ತದೆ. ಮುಖದ ಚರ್ಮದಲ್ಲಿ ನರಗಳು ದಟ್ಟವಾಗಿರುವುದರಿಂದ ಮನೆಯಲ್ಲಿ ಮಾಡುವ ಸ್ಪರ್ಶಪರೀಕ್ಷೆ ಮೋಸ ಮಾಡಬಹುದು, ಅನುಮಾನವಿದ್ದರೆ ವೈದ್ಯರಿಗೆ ತೋರಿಸುವುದೇ ಸರಿ.

ಟಿಕಳಿ ಹಚ್ಚುವ ಜಾಗ ಬಿಳಿಯಾಗುತ್ತಿದೆ. ಇದೂ ತೊನ್ನೇ?

ಸ್ಟಿಕ್ಕರ್ ಬೊಟ್ಟಿನ ಅಂಟಿನಲ್ಲಿರಬಹುದಾದ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ವರ್ಣಕೋಶಗಳನ್ನು ಕೊಲ್ಲಬಲ್ಲದು. ಹುಬ್ಬುಗಳ ನಡುವೆ ಬೊಟ್ಟಿನ ಆಕಾರದಲ್ಲಿಯೇ ಬಿಳಿ ಮೂಡಿದರೆ ಮೊದಲು ಸ್ಟಿಕ್ಕರ್ ಬಿಡಿ. ಬೇಗ ಬಿಟ್ಟವರಲ್ಲಿ ಬಣ್ಣ ಮರಳುವ ಸಂಭವ ಹೆಚ್ಚು. ಕೆಲವರಲ್ಲಿ ಅದು ಬೇರೆ ಕಡೆಗೂ ಹಬ್ಬಿ ನಿಜವಾದ ತೊನ್ನಿನಂತೆಯೇ ನಡೆದುಕೊಳ್ಳುತ್ತದೆ.

ನಲವತ್ತು ದಾಟಿದ ಮೇಲೆ ಕೆನ್ನೆಯ ಮೇಲೆ ಎಳ್ಳು ಚೆಲ್ಲಿದಂತೆ ಕಪ್ಪು ಗುಳ್ಳೆಗಳು. ಇಷ್ಟೊಂದು ಮಚ್ಚೆ ಒಮ್ಮೆಗೇ ಬರಬಹುದೇ?

ಅವು ಮಚ್ಚೆಗಳಲ್ಲ, ನರಹುಲಿಯೂ ಅಲ್ಲ. ಹೊರಚರ್ಮವೇ ಅಲ್ಲಲ್ಲಿ ದಪ್ಪಗಾಗಿ ಎದ್ದ ನಿರಪಾಯಕಾರಿ ಗಂಟುಗಳು, ಕಂದು ಮತ್ತು ಕಪ್ಪು ಮೈಬಣ್ಣದವರಲ್ಲಿ, ಅದರಲ್ಲಿಯೂ ಹೆಂಗಸರಲ್ಲಿ, ವಂಶದಲ್ಲಿ ಹರಿದುಬರುತ್ತವೆ. ನಿಮ್ಮ ತಾಯಿಯ ಮುಖವನ್ನು ನೆನಪಿಸಿಕೊಂಡರೆ ಉತ್ತರ ಸಿಕ್ಕೀತು. ಬೇಡವೆನಿಸಿದರೆ ವಿದ್ಯುತ್ ಸೂಜಿಯಿಂದ ಸುಡಬಹುದು, ಆದರೆ ನಮ್ಮ ಬಣ್ಣದ ಚರ್ಮದಲ್ಲಿ ಕೈ ಸ್ವಲ್ಪ ಭಾರವಾದರೂ ಗುಳ್ಳೆಯ ಜಾಗದಲ್ಲಿ ಕಲೆ ನಿಲ್ಲುತ್ತದೆ.

ಹಣೆಯ ಪಕ್ಕ ಮತ್ತು ಕೆನ್ನೆಮೂಳೆಯ ಮೇಲೆ ಕಪ್ಪಾಗಿದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬಿಸಿಲಿನ ಕಪ್ಪೇ?

ಮುಟ್ಟಿ ನೋಡಿ. ಮಖಮಲ್ಲಿನಂತೆ ದಪ್ಪಗಿದ್ದು, ಕತ್ತಿನ ಹಿಂಭಾಗದಲ್ಲಿಯೂ ಕಂಕುಳಲ್ಲಿಯೂ ಅದೇ ಬಣ್ಣವಿದ್ದರೆ ಅದು ಬಿಸಿಲಿನದಲ್ಲ. ದೇಹ ಇನ್ಸುಲಿನ್ನಿನ ಮಾತು ಕೇಳದಿದ್ದಾಗ ರಕ್ತದಲ್ಲಿ ಅದರ ಮಟ್ಟ ಏರುತ್ತದೆ, ಏರಿದ ಇನ್ಸುಲಿನ್ ಹೊರಚರ್ಮದ ಕೋಶಗಳಿಗೆ ಬೆಳೆಯಿರೆಂದು ಸೂಚನೆ ಕೊಡುತ್ತದೆ. ಮುಲಾಮು ಕೊಳ್ಳುವ ಮೊದಲು ಸಕ್ಕರೆಯ ಪರೀಕ್ಷೆ ಮಾಡಿಸಿ, ಉಜ್ಜುವುದನ್ನು ನಿಲ್ಲಿಸಿ. ತೂಕ ಇಳಿದಾಗ ಈ ಕಪ್ಪು ತಿಳಿಯಾಗುತ್ತದೆ.

## ಇನ್ನೂ ಆಳಕ್ಕೆ ಹೋದಾಗ

ಕೂಸಿನ ಮುಖದಲ್ಲಿ ಕೆಂಪು ಮಚ್ಚೆ. ಒಬ್ಬರು ಹೋಗುತ್ತದೆ ಎನ್ನುತ್ತಾರೆ, ಇನ್ನೊಬ್ಬರು ಉಳಿಯುತ್ತದೆ ಎನ್ನುತ್ತಾರೆ. ಏಕೆ ಹೀಗೆ?

ಇಬ್ಬರೂ ಬೇರೆ ಬೇರೆ ಮಚ್ಚೆಗಳ ವಿಷಯ ಹೇಳುತ್ತಿದ್ದಾರೆ. ಹಣೆಯ ನಡುವೆ ಅಥವಾ ರೆಪ್ಪೆಯ ಮೇಲೆ, ಅತ್ತಾಗ ಕೆಂಪೇರುವ ತಿಳಿ ಮಚ್ಚೆ ಸಾಮಾನ್ಯವಾಗಿ ಎರಡು ಮೂರು ವರ್ಷಗಳೊಳಗೆ ಮಾಸುತ್ತದೆ. ಹುಟ್ಟಿದ ಕೆಲವು ವಾರಗಳ ಮೇಲೆ ಕಾಣಿಸಿಕೊಂಡು, ತಿಂಗಳುಗಳಲ್ಲಿ ಸ್ಟ್ರಾಬೆರಿಯಂತೆ ಊದಿ, ವರ್ಷಗಳಲ್ಲಿ ತಾನಾಗಿ ಇಳಿಯುವುದು ರಕ್ತನಾಳಗಳ ಗಡ್ಡೆ. ಕಣ್ಣು, ಮೂಗು, ತುಟಿಗೆ ಅಡ್ಡಿಯಾದರೆ ಅದಕ್ಕೆ ಪ್ರೊಪ್ರನೊಲಾಲ್ ಕೊಡುತ್ತಾರೆ. ಹೃದಯದ ಕಾಯಿಲೆಗೆ ಬಳಸುವ ಈ ಔಷಧದ ಗುಣವನ್ನು 2008ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ವೈದ್ಯರು ಆಕಸ್ಮಿಕವಾಗಿ ಕಂಡುಕೊಂಡರು. ಮೂರನೆಯದು ದ್ರಾಕ್ಷಾರಸ ಚೆಲ್ಲಿದಂತೆ ಮುಖದ ಒಂದೇ ಬದಿಗೆ ಹರಡಿದ್ದು, ಸಾವಿರ ಕೂಸುಗಳಲ್ಲಿ ಸುಮಾರು ಮೂರಕ್ಕೆ ಇರುತ್ತದೆ, ತಾನಾಗಿ ಹೋಗುವುದಿಲ್ಲ, ವಯಸ್ಸಿನೊಡನೆ ದಟ್ಟವಾಗುತ್ತದೆ. ಸೋವಿಯತ್ ನಾಯಕ ಗೋರ್ಬಚೇವ್ ಅವರ ತಲೆಯ ಮೇಲಿದ್ದುದು ಈ ಜಾತಿಯದು. ಗರ್ಭದಲ್ಲಿರುವಾಗ ಒಂದು ಕೋಶದ ಜಿಎನ್‌ಎಕ್ಯೂ ಎಂಬ ಜೀನು ಬದಲಾಗುವುದರಿಂದ ಇದು ಬರುತ್ತದೆಂದು 2013ರಲ್ಲಿ ತಿಳಿಯಿತು, ತಂದೆತಾಯಿಯಿಂದ ಬರುವುದಲ್ಲ. ಇದು ಹಣೆ ಮತ್ತು ಮೇಲ್ರೆಪ್ಪೆಯನ್ನು ಆವರಿಸಿದ್ದರೆ ಮೆದುಳಿನ ಹೊದಿಕೆಯ ರಕ್ತನಾಳಗಳಲ್ಲಿಯೂ ಅದೇ ತೊಡಕಿದ್ದು ಮೂರ್ಛೆ ಬರಬಹುದು, ಕಣ್ಣಿನ ಒತ್ತಡ ಏರಬಹುದು. ಆದ್ದರಿಂದ ಅಂಥ ಕೂಸನ್ನು ಮಕ್ಕಳ ವೈದ್ಯರಿಗೂ ಕಣ್ಣಿನ ವೈದ್ಯರಿಗೂ ತಡಮಾಡದೆ ತೋರಿಸಬೇಕು.

ಕಣ್ಣಿನ ಸುತ್ತ ನೀಲಿ ಮಚ್ಚೆ ಇದೆ. ಮೆಲನಿನ್ ಕಪ್ಪು ತಾನೇ, ನೀಲಿ ಹೇಗಾಯಿತು?

ಬಣ್ಣ ಆಳದಲ್ಲಿದ್ದರೆ ನೀಲಿಯಾಗಿ ಕಾಣುತ್ತದೆ. ಕೆಂಪು ಬೆಳಕು ಚರ್ಮದ ಆಳಕ್ಕೆ ಇಳಿದು ಅಲ್ಲಿನ ಮೆಲನಿನ್ನಿನಲ್ಲಿ ಕರಗಿಹೋಗುತ್ತದೆ, ನೀಲಿ ಬೆಳಕು ಮೇಲಿನ ಪದರಗಳಲ್ಲಿಯೇ ಚದುರಿ ನಮ್ಮ ಕಣ್ಣಿಗೆ ಮರಳುತ್ತದೆ. ಕೈಯ ರಕ್ತನಾಳಗಳು ನೀಲಿಯಾಗಿ ಕಾಣುವುದರಲ್ಲಿಯೂ ಇಂಥದೇ ಆಟವಿದೆ. ಭ್ರೂಣದ ಬೆನ್ನಿನ ನರರೇಖೆಯಿಂದ ಹೊರಟ ವರ್ಣಕೋಶಗಳು ಹೊರಚರ್ಮ ತಲುಪದೆ ದಾರಿಯಲ್ಲಿ, ಒಳಚರ್ಮದಲ್ಲಿ, ಉಳಿದುಬಿಟ್ಟದ್ದೇ ಈ ಮಚ್ಚೆ. ಜಪಾನಿನ ಮಸಾವೊ ಓಟಾ 1939ರಲ್ಲಿ ವಿವರಿಸಿದ್ದರಿಂದ ಅವರ ಹೆಸರಿನಿಂದಲೇ ಕರೆಯುತ್ತಾರೆ. ಕಣ್ಣಿನ ಬಿಳಿಭಾಗವೂ ನೀಲಿಯಾಗಿದ್ದರೆ ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು. ಅತಿ ಚಿಕ್ಕ ಮಿಡಿತಗಳ ಲೇಸರಿಗೆ ಇದು ಚೆನ್ನಾಗಿ ಮಣಿಯುತ್ತದೆ, ಹಲವು ಸರದಿ ಬೇಕಾಗುತ್ತದೆ.

ಯಾವ ಮಚ್ಚೆಗೆ ಹೆದರಬೇಕು?

ಎರಡು ಅರ್ಧಗಳು ಒಂದಕ್ಕೊಂದು ಹೊಂದದ, ಅಂಚು ಹರಿದಂತಿರುವ, ಎರಡು ಮೂರು ಬಣ್ಣ ಬೆರೆತ, 6 ಮಿಲಿಮೀಟರಿಗಿಂತ ದೊಡ್ಡದಾದ, ಎಲ್ಲಕ್ಕಿಂತ ಹೆಚ್ಚಾಗಿ ತಿಂಗಳುಗಳಲ್ಲಿ ಬದಲಾಗುತ್ತಿರುವ ಮಚ್ಚೆಯನ್ನು ತೋರಿಸಬೇಕು. ಆದರೆ ಮೆಲನೋಮ ಎಂಬ ಮಚ್ಚೆಯ ಕ್ಯಾನ್ಸರ್ ಭಾರತೀಯರಲ್ಲಿ ವಿರಳ, ಬಂದರೂ ಅಂಗಾಲು ಅಂಗೈಗಳಲ್ಲಿ ಕಾಣುವುದೇ ಹೆಚ್ಚು. ಮುಖದಲ್ಲಿ ನಾವು ಗಮನಿಸಬೇಕಾದದ್ದು ಬೇರೆಯೇ ಇದೆ: ಅರವತ್ತರ ಆಸುಪಾಸಿನವರ ಮೂಗು, ರೆಪ್ಪೆ, ಕೆನ್ನೆಗಳಲ್ಲಿ ಹೊಸದಾಗಿ ಬಂದ, ಮುತ್ತಿನಂತೆ ಹೊಳೆಯುವ ಅಂಚಿನ, ನಡುವೆ ಹಕ್ಕಳೆಗಟ್ಟಿ ರಕ್ತ ಒಸರಿ ಮಾಯದ ಕಪ್ಪು ಗಂಟು. ಅದು ಬೇಸಲ್ ಸೆಲ್ ಕ್ಯಾನ್ಸರ್ ಆಗಿರಬಹುದು. ದೂರಕ್ಕೆ ಹಬ್ಬುವುದು ತೀರಾ ಅಪರೂಪ, ಆದರೆ ಬಿಟ್ಟಷ್ಟೂ ಸುತ್ತಲಿನ ಚರ್ಮವನ್ನು ತಿನ್ನುತ್ತದೆ.

ನನಗೂ ಅಣ್ಣನಿಗೂ ಹಣೆಗೆ ಹೊಲಿಗೆ ಬಿದ್ದಿತ್ತು. ಅವನದು ಕಾಣುವುದಿಲ್ಲ, ನನ್ನದು ಏಕೆ ಎದ್ದು ಕಾಣುತ್ತದೆ?

ಗಾಯದ ದಿಕ್ಕು ಕಾರಣವಾಗಿರಬಹುದು. ವಿಯೆನ್ನಾದ ಕಾರ್ಲ್ ಲಾಂಗರ್ 1861ರಲ್ಲಿ ಶವಗಳ ಚರ್ಮವನ್ನು ದುಂಡನೆಯ ಮೊನೆಯ ದಬ್ಬಳದಿಂದ ಚುಚ್ಚಿ ನೋಡಿದ. ತೂತುಗಳು ದುಂಡಗೆ ಉಳಿಯದೆ ಸೀಳುಗಳಾದವು, ಆ ಸೀಳುಗಳನ್ನು ಕೂಡಿಸಿದಾಗ ಮೈಮೇಲೆಲ್ಲ ಚರ್ಮದ ಬಿಗಿತದ ನಕ್ಷೆ ದೊರಕಿತು. ಇಂದಿನ ಶಸ್ತ್ರವೈದ್ಯರು ಮುಖದಲ್ಲಿ ಜೀವಂತ ಚರ್ಮದ ಸಹಜ ನೆರಿಗೆಗಳನ್ನೇ ಹೆಚ್ಚು ನಂಬುತ್ತಾರೆ. ನೆರಿಗೆ ಸ್ನಾಯುವಿನ ಎಳೆತಕ್ಕೆ ಅಡ್ಡಲಾಗಿ ಬೀಳುತ್ತದೆ: ಹಣೆಯ ಸ್ನಾಯು ಮೇಲೆ ಕೆಳಗೆ ಎಳೆಯುವುದರಿಂದ ಹಣೆಯ ಗೆರೆಗಳು ಅಡ್ಡ. ಅಡ್ಡಲಾಗಿ ಬಿದ್ದ ಗಾಯ ಆ ಗೆರೆಗಳಲ್ಲಿ ಅಡಗುತ್ತದೆ, ಉದ್ದಕ್ಕೆ ಬಿದ್ದದ್ದನ್ನು ಪ್ರತಿ ಬಾರಿ ಹುಬ್ಬೇರಿಸಿದಾಗಲೂ ಸ್ನಾಯು ಜಗ್ಗುತ್ತದೆ.

ಅಜ್ಜಿಯ ಹಣೆ, ಗಲ್ಲದ ಹಚ್ಚೆ ಎಂಬತ್ತು ವರ್ಷವಾದರೂ ಅಳಿದಿಲ್ಲ. ಚರ್ಮ ಉದುರುತ್ತಲೇ ಇರುತ್ತದಲ್ಲ?

ಉದುರುವುದು ಹೊರಚರ್ಮ, ಹಚ್ಚೆ ಇರುವುದು ಒಳಚರ್ಮದಲ್ಲಿ. ನಮ್ಮ ಹಳ್ಳಿಗಳಲ್ಲಿ ಕೊರವಂಜಿಯರು ದೀಪದ ಕಾಡಿಗೆ ಮತ್ತು ಸೊಪ್ಪಿನ ರಸ ಸೇರಿಸಿ ಸೂಜಿಯಿಂದ ಹೊಯ್ದ ಬಣ್ಣವನ್ನು, ದೇಹದ ಕಸ ನುಂಗುವ ಕೋಶಗಳು ಹೊರಗಿನ ವಸ್ತುವೆಂದು ನುಂಗಿದವು, ಆದರೆ ಅರಗಿಸಲಾರದೆ ಅಲ್ಲಿಯೇ ಕುಳಿತವು. ಆ ಕೋಶಗಳು ಶಾಶ್ವತವೆಂದು ಹಿಂದೆ ತಿಳಿದಿದ್ದರು. ಫ್ರಾನ್ಸಿನ ಮಾರ್ಸೇಯ ಸಂಶೋಧಕರು 2018ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಬೇರೆ: ಕೋಶ ಸಾಯುತ್ತದೆ, ಬಣ್ಣ ಹೊರಬೀಳುತ್ತದೆ, ಅದರ ಜಾಗಕ್ಕೆ ಬಂದ ಹೊಸ ಕೋಶ ಅದನ್ನೇ ಮತ್ತೆ ನುಂಗುತ್ತದೆ. ಸತ್ತಾಗ ಜೊತೆಗೆ ಬರುವುದು ಹಚ್ಚೆಯೊಂದೇ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಕಾಡಿಗೆ ಕಪ್ಪಾಗಿದ್ದರೂ ಹಚ್ಚೆ ಹಸಿರುನೀಲಿಯಾಗಿ ಕಾಣುವುದಕ್ಕೆ ಓಟಾ ಮಚ್ಚೆಗೆ ಹೇಳಿದ ಕಾರಣವೇ ಸಲ್ಲುತ್ತದೆ.

ಸಿಡುಬಿನ ಕಲೆಯ ಮುಖಗಳು ಈಗ ಏಕೆ ಕಾಣುವುದಿಲ್ಲ? ಹಳೆಯ ಕಾಲದಲ್ಲಿ ಎಷ್ಟೊಂದಿದ್ದವು!

ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಿನಲ್ಲಿ, ಲೋಕವೇ ಸಿಡುಬುಮುಕ್ತವೆಂದು ಸಾರಿದ್ದು 1980ರಲ್ಲಿ. ಆದ್ದರಿಂದ ನಮ್ಮಲ್ಲಿ ಆ ಮೇಲೆ ಹುಟ್ಟಿದವರ ಮುಖದ ಕುಳಿಗಳು ಮೊಡವೆಯವು ಅಥವಾ ಸೀತಾಳೆಯವು. ಸಿಡುಬು ಚರ್ಮದ ಜಿಡ್ಡಿನ ಗ್ರಂಥಿಗಳನ್ನು ನಾಶ ಮಾಡುತ್ತಿತ್ತು, ಮುಖದಲ್ಲಿ ಆ ಗ್ರಂಥಿಗಳು ಹೆಚ್ಚಿರುವುದರಿಂದ ಕುಳಿಗಳೂ ಅಲ್ಲಿಯೇ ಹೆಚ್ಚು ಬೀಳುತ್ತಿದ್ದವು. ಮುಖದ ಗುರುತನ್ನು ಇತಿಹಾಸದ ದಾಖಲೆಯಾಗಿ ಓದಿದ ಒಂದು ಪ್ರಸಂಗ ನಮ್ಮ ಮೈಸೂರಿನದು. ಥಾಮಸ್ ಹಿಕ್ಕಿ ಎಂಬ ಕಲಾವಿದ 1805ರ ಸುಮಾರಿಗೆ ಮೈಸೂರು ಅರಮನೆಯ ಮೂವರು ಹೆಂಗಸರನ್ನು ಚಿತ್ರಿಸಿದ. ಬಲಗಡೆಯ ಕಿರಿಯ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಾಳೆ, ಎಡಗಡೆಯ ರಾಣಿಯ ಮೂಗು ಮತ್ತು ಬಾಯಿಯ ಸುತ್ತ ಚರ್ಮ ತಿಳಿಬಣ್ಣಕ್ಕೆ ತಿರುಗಿದೆ. ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಾದದಂತೆ ಬಲಗಡೆಯವಳು ಭಾರತಕ್ಕೆ 1802ರಲ್ಲಿ ಬಂದ ಜೆನ್ನರನ ಲಸಿಕೆಯನ್ನು ತೋಳಿಗೆ ಹಾಕಿಸಿಕೊಂಡವಳು. ಎಡಗಡೆಯವಳಿಗೆ ಹಳೆಯ ಪದ್ಧತಿಯಂತೆ ಒಣಗಿದ ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದಿದ್ದರು, ಆ ಬಿಳುಪು ಅದರ ಗುರುತು. ಒಂದು ಬಾಯಿಯ ಸುತ್ತಲಿನ ಬಣ್ಣದಿಂದ ಇಷ್ಟನ್ನು ಹೊರಡಿಸುವುದು ಚರ್ಮವೈದ್ಯರಿಗೆ ಧೈರ್ಯದ ಮಾತೆನಿಸೀತು, ಆದರೆ ವಾದ ಸೊಗಸಾಗಿದೆ.

ಅರ್ಜಿಯಲ್ಲಿ ‘ಗುರುತಿನ ಚಿಹ್ನೆ’ ಎಂದು ಕೇಳುತ್ತಾರೆ. ಮುಖದ ಯಾವುದನ್ನು ಬರೆಯಲಿ?

ಹಳೆಯ ಗಾಯದ ಕಲೆ ಅಥವಾ ಹುಟ್ಟಿನಿಂದ ಇರುವ ಮಚ್ಚೆಯನ್ನು, ಬಲ ಎಡ ತಪ್ಪದಂತೆ ಬರೆಯಿರಿ. ಕನ್ನಡಿಯಲ್ಲಿ ನೋಡಿ ಬರೆಯುವವರು, ಎದುರಿಗೆ ನಿಂತು ನೋಡಿ ಬರೆದುಕೊಳ್ಳುವವರು ಇಬ್ಬರೂ ಇಲ್ಲಿ ತಪ್ಪುತ್ತಾರೆ. ಶಾಲೆಯ ವರ್ಗಾವಣೆ ಪತ್ರದಲ್ಲಿ ಬಲಗೆನ್ನೆಯಲ್ಲಿದ್ದ ಮಚ್ಚೆ ಮುಂದೆ ಎಡಗೆನ್ನೆಗೆ ದಾಟಿದ ದಾಖಲೆಗಳನ್ನು ನಾನೇ ನೋಡಿದ್ದೇನೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳನ್ನು ಬೇರ್ಪಡಿಸುವುದಕ್ಕೂ ಮಚ್ಚೆಗಳು ನೆರವಾಗುತ್ತವೆ, ಏಕೆಂದರೆ ಎಷ್ಟು ಮಚ್ಚೆ ಬರಬಹುದೆಂಬುದು ವಂಶದಿಂದ ಬಂದರೂ ಯಾವ ಕೋಶದಲ್ಲಿ ಬದಲಾವಣೆಯಾಗುತ್ತದೆ ಎಂಬುದು ಆಕಸ್ಮಿಕ. ಬಂಗು, ಮೊಡವೆಯ ಕಲೆ, ನಲವತ್ತರ ಮೇಲಿನ ಎಳ್ಳುಗುಳ್ಳೆಗಳನ್ನು ಬರೆಯಬೇಡಿ. ಮುಂದಿನ ಅರ್ಜಿಯ ಹೊತ್ತಿಗೆ ಮೊದಲೆರಡು ಮಾಸಿರಬಹುದು, ಮೂರನೆಯದು ಇಮ್ಮಡಿಯಾಗಿರಬಹುದು.